ಪರದೆಯ ಮೂಲೆಯಲ್ಲೊಂದು ನೀರಿನ ಕ್ಯಾನು

2025ರ ಅಕ್ಟೋಬರ್ 2ರಂದು ತೆರೆಕಂಡ 'ಕಾಂತಾರ: ಚಾಪ್ಟರ್ 1' ಕದಂಬರ ಕಾಲದ ಕಥೆ. ಅದರ ಕಾಡು, ಕೋಟೆ, ರಥ, ಹುಲಿ ಎಲ್ಲದರ ಹಿಂದೆಯೂ ನೂರಾರು ಜನರ ದುಡಿಮೆ ಇದೆ. ಆದರೆ ಚಿತ್ರದ ಒಂದು ಹಾಡಿನ ವಿಡಿಯೊ ಹೊರಬರುತ್ತಿದ್ದಂತೆ ಜನ ಅದನ್ನು ನಿಲ್ಲಿಸಿ, ಹಿಗ್ಗಿಸಿ, ಒಬ್ಬರಿಗೊಬ್ಬರು ತೋರಿಸತೊಡಗಿದ್ದು ಬೇರೆಯದನ್ನೇ. ಪಂಕ್ತಿಯಲ್ಲಿ ಕೂತು ಉಣ್ಣುವವರ ಹಿಂದೆ, ಚೌಕಟ್ಟಿನ ಒಂದು ಮೂಲೆಯಲ್ಲಿ, 20 ಲೀಟರಿನ ಪ್ಲಾಸ್ಟಿಕ್ ನೀರಿನ ಕ್ಯಾನು!

ಅಷ್ಟು ಜನರಿದ್ದ ಸೆಟ್ಟಿನಲ್ಲಿ ಯಾರೂ ಅದನ್ನು ನೋಡಲಿಲ್ಲವೇ ಎಂಬ ಪ್ರಶ್ನೆ ಸಹಜ. ನೋಡಿಯೇ ಇರುತ್ತಾರೆ. ಬೆಂಗಳೂರಿನ ಪೂರ್ವದ ಕೆ.ಆರ್. ಪುರ, ಮಹದೇವಪುರದ ಕಡೆ ಮನೆಬಾಗಿಲಲ್ಲಿ ಖಾಲಿ ಕ್ಯಾನು ಇಟ್ಟು ತುಂಬಿದ್ದನ್ನು ಒಳಗೆ ತೆಗೆದುಕೊಳ್ಳುವುದು ಹಾಲಿನ ಪಾಕೀಟಿನಷ್ಟೇ ನಿತ್ಯದ ಕೆಲಸ. ಮದುವೆ ಮನೆ, ಆಫೀಸು, ಶೂಟಿಂಗ್ ಎಲ್ಲೆಡೆಯೂ ಆ ಕ್ಯಾನು ಇದ್ದೇ ಇರುತ್ತದೆ. ದಿನವೂ ಎದುರಿಗಿರುವ ವಸ್ತು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ. ಸಿನಿಮಾದ ಬಹುಪಾಲು ತಪ್ಪುಗಳು ಹುಟ್ಟುವುದು ಇಲ್ಲೇ. ಕತ್ತಲ ಥಿಯೇಟರಿನಲ್ಲಿ ಬೇರೆ ಕಾಲಕ್ಕೆ ಹೋಗಿ ಕೂತಿರುವ ಪ್ರೇಕ್ಷಕನಿಗೆ ಮಾತ್ರ ಅದು ಥಟ್ಟನೆ ಕಾಣುತ್ತದೆ.

ತಪ್ಪುಗಳನ್ನು ಒಂದು ಕಡೆ, ಗ್ರಾಫಿಕ್ಸನ್ನು ಇನ್ನೊಂದು ಕಡೆ ಇಟ್ಟು ಮಾತಾಡುವುದು ರೂಢಿ. ಒಂದನ್ನು ಆಡಿಕೊಳ್ಳುತ್ತೇವೆ, ಇನ್ನೊಂದಕ್ಕೆ ಚಪ್ಪಾಳೆ ತಟ್ಟುತ್ತೇವೆ. ಕೆಲಸ ಮಾಡುವವರ ಕಡೆಯಿಂದ ನೋಡಿದರೆ ಇವೆರಡೂ ಒಂದೇ ಮನೆಯ ಮಕ್ಕಳು. ಇಲ್ಲದ್ದನ್ನು ಇದೆ ಎಂದು ನಂಬಿಸುವುದು ಮತ್ತು ಇರುವುದನ್ನು ಕಾಣದಂತೆ ಮಾಡುವುದು ಸಿನಿಮಾದವರ ನಿತ್ಯದ ದುಡಿಮೆ. ಅದು ಗೆಲ್ಲುವುದೂ ಸೋಲುವುದೂ ಕಂಪ್ಯೂಟರಿನ ಮುಂದಲ್ಲ, ಅದಕ್ಕೆ ಬಹಳ ಮೊದಲು, ಕ್ಯಾಮೆರಾ ಹೊರಡುವ ಮುಂಚಿನ ತಯಾರಿಯಲ್ಲಿ. ಕನ್ನಡ ಚಿತ್ರರಂಗ ಈ ಮಾತನ್ನು ಇನ್ನೂ ಪೂರ್ತಿ ಮನಸ್ಸಿಗೆ ತೆಗೆದುಕೊಂಡಿಲ್ಲ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. 1975ರ ಬೆಂಗಳೂರಿನ ಕಥೆ. ನಾಯಕ, ನಾಯಕಿ ಎಂ.ಜಿ. ರಸ್ತೆಯಲ್ಲಿ ನಡೆದುಹೋಗಬೇಕು. ಮೊದಲ ತೊಡಕು ತಲೆಯ ಮೇಲಿನ ಮೆಟ್ರೋ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ರೈಲು ಓಡತೊಡಗಿದ್ದು 2011ರ ಅಕ್ಟೋಬರ್ 20ರಂದು. ಅದರ ಕಂಬಗಳನ್ನೂ ಮೇಲ್ಸೇತುವೆಯನ್ನೂ ಪ್ರತಿ ಚೌಕಟ್ಟಿನಲ್ಲಿ ಅಳಿಸಬೇಕು, ಅಳಿಸಿದ ಜಾಗಕ್ಕೆ ಮರಗಳನ್ನು ತರಬೇಕು. 1936ರಿಂದ ಇಂಗ್ಲಿಷ್ ಚಿತ್ರಗಳನ್ನು ತೋರಿಸುತ್ತಿದ್ದ ಪ್ಲಾಜಾ ಥಿಯೇಟರು ಮೆಟ್ರೋಗೆ ಜಾಗ ಬಿಟ್ಟುಕೊಟ್ಟಿತು, ಅದನ್ನು ಮತ್ತೆ ಕಟ್ಟಿ ನಿಲ್ಲಿಸಬೇಕು. ಕಥೆ ಇನ್ನೂ ಹಿಂದಕ್ಕೆ, 1940ಕ್ಕೆ ಹೋದರೆ ರಸ್ತೆಯ ಹೆಸರೇ ಬದಲು. ಆಗ ಅದು ಸೌತ್ ಪರೇಡ್, ಗಾಂಧೀಜಿಯ ಹೆಸರು ಬಂದದ್ದು 1948ರಲ್ಲಿ. ಇಂದಿನ ಶಿವಾಜಿನಗರವನ್ನು ಆ ಕಾಲದ ಪಾತ್ರವೊಂದು ಬ್ಲ್ಯಾಕ್‌ಪಳ್ಳಿ ಎನ್ನಬೇಕು. ಇಂದಿರಾನಗರದ ಹೆಸರಂತೂ ಬಾಯಿಗೆ ಬರುವಂತಿಲ್ಲ, ಆ ಬಡಾವಣೆಯೇ ಇರಲಿಲ್ಲ.

ಇನ್ನು ವಾಹನಗಳ ನಂಬರ್ ಪ್ಲೇಟು. ಕರ್ನಾಟಕದಲ್ಲಿ ಕೆಎ ಸರಣಿ ಶುರುವಾದದ್ದು 1989ರಲ್ಲಿ. ಅದಕ್ಕೆ ಮೊದಲಿನ ಗಾಡಿಗಳ ಮೇಲೆ ಎಂವೈ, ಸಿಎ ಮುಂತಾದ ಅಕ್ಷರಗಳಿರುತ್ತಿದ್ದವು. ಪೂರ್ವ ಬೆಂಗಳೂರಿನ ಕೆಎ-03, ಕೆ.ಆರ್. ಪುರದ ಕೆಎ-53 ಇವತ್ತು ನಮಗೆ ಎಷ್ಟು ಪರಿಚಿತವೆಂದರೆ, 1980ರ ಕಥೆಯಲ್ಲಿ ಹಳೆಯ ಫಿಯೆಟ್ ಕಾರನ್ನು ಹುಡುಕಿ ತಂದ ತಂಡಕ್ಕೂ ಅದರ ಪ್ಲೇಟು ಬದಲಿಸುವುದು ಮರೆತುಹೋಗಬಹುದು. ಕಾರಿಗೆ ಸಾವಿರಾರು ರೂಪಾಯಿ ಬಾಡಿಗೆ ಕೊಟ್ಟು ಕಟ್ಟಿದ ಕಾಲವನ್ನು ಒಂದು ತಗಡಿನ ತುಂಡು ಕೆಡವಿಬಿಡುತ್ತದೆ.

ಇವು ಕಾಲದ ತಪ್ಪುಗಳು. ಇವಕ್ಕಿಂತ ಹೆಚ್ಚಾಗಿ ಕಾಣುವುದು ಚಿತ್ರರಂಗದವರು 'ಕಂಟಿನ್ಯೂಟಿ' ಎನ್ನುವ ಮುಂದುವರಿಕೆಯ ತಪ್ಪು. ಸಿನಿಮಾವನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ. ಜಾಗ, ಕಲಾವಿದರ ಡೇಟು, ಬಿಸಿಲು ನೋಡಿಕೊಂಡು ತೆಗೆಯುತ್ತಾರೆ. ಬಾಗಿಲು ತೆರೆದು ಮನೆಯಿಂದ ಹೊರಬರುವ ದೃಶ್ಯದ ಒಳಭಾಗವನ್ನು ಜನವರಿಯಲ್ಲೂ ಹೊರಭಾಗವನ್ನು ಏಪ್ರಿಲ್‌ನಲ್ಲೂ ತೆಗೆಯಬಹುದು. ಅಷ್ಟರಲ್ಲಿ ನಟನ ಗಡ್ಡ ಬೆಳೆದಿರುತ್ತದೆ, ಕೈಗಡಿಯಾರ ಬದಲಾಗಿರುತ್ತದೆ, ಹಣೆಯ ಗಾಯದ ಮೇಕಪ್ಪು ಎಡದಿಂದ ಬಲಕ್ಕೆ ಸರಿದಿರುತ್ತದೆ. ಇದನ್ನೆಲ್ಲ ಬರೆದಿಟ್ಟುಕೊಳ್ಳುವುದು ಸಹಾಯಕ ನಿರ್ದೇಶಕನೊಬ್ಬನ ಹೊಣೆ. ಸಂಬಳ ಕಡಿಮೆ, ಬೈಗುಳ ಜಾಸ್ತಿ ಇರುವ ಆ ಕುರ್ಚಿಯ ಮೇಲೆ ಚಿತ್ರದ ಮರ್ಯಾದೆ ನಿಂತಿರುತ್ತದೆ.

ಭಾರತೀಯ ಸಿನಿಮಾದಲ್ಲಿ ಅತಿ ಹೆಚ್ಚು ಚರ್ಚೆಯಾದ ತಪ್ಪುಗಳ ನೆಲವೂ ನಮ್ಮದೇ. 1975ರ 'ಶೋಲೆ'ಗಾಗಿ ರಾಮನಗರದ ಬಂಡೆಗಳ ನಡುವೆ ಕಲಾ ನಿರ್ದೇಶಕ ರಾಮ್ ಯಡೇಕರ್ ಒಂದು ಹಳ್ಳಿಯನ್ನೇ ಕಟ್ಟಿದರು. ಆ ರಾಮಗಢದಲ್ಲಿ ರಾತ್ರಿಯಾದರೆ ಜಯಾ ಬಚ್ಚನ್ ಒಂದೊಂದೇ ದೀಪ ಆರಿಸುತ್ತಾರೆ, ಕರೆಂಟಿಲ್ಲ. ಹಾಗಾದರೆ ಧರ್ಮೇಂದ್ರ ಹತ್ತಿ ಕೂಗಾಡುವ ಎತ್ತರದ ಟ್ಯಾಂಕಿಗೆ ನೀರು ಏರಿಸಿದವರು ಯಾರು ಎಂದು ಐವತ್ತು ವರ್ಷಗಳಿಂದ ಜನ ಕೇಳುತ್ತಲೇ ಇದ್ದಾರೆ. ಎರಡೂ ಕೈ ಕಳೆದುಕೊಂಡ ಠಾಕೂರನ ಅಂಗಿಯೊಳಗೆ ಸಂಜೀವ್ ಕುಮಾರ್ ಅವರ ಕೈಗಳ ಸುಳಿವು ಸಿಗುತ್ತದೆ ಎಂಬುದೂ ಹಳೆಯ ಮಾತು. ಆದರೂ ಗಬ್ಬರನ ಮುಂದೆ ಠಾಕೂರ್ ನಿಂತಾಗ ಯಾರೂ ಎದ್ದು ಹೋಗುವುದಿಲ್ಲ. ಅವನ ಸಂಕಟ ಅಷ್ಟು ಹೊತ್ತಿಗೆ ನೋಡುವವರದ್ದೂ ಆಗಿರುತ್ತದೆ. ಇವತ್ತಿನವರಾಗಿದ್ದರೆ ಹಸಿರು ತೋಳು ತೊಡಿಸಿ ಕೈಗಳನ್ನು ಕಂಪ್ಯೂಟರಿನಲ್ಲಿ ಅಳಿಸಿರುತ್ತಿದ್ದರು. ಕೈ ಮಾಯವಾಗುತ್ತಿತ್ತು, ಆದರೆ ಆ ಸಂಕಟವನ್ನು ನಟನೇ ತರಬೇಕಿತ್ತು.

ಸುಮಾರು ಹತ್ತು ವರ್ಷದ ನಂತರ ಅದೇ ಸೀಮೆಗೆ ನಿರ್ದೇಶಕ ಡೇವಿಡ್ ಲೀನ್ ಬಂದರು, 1984ರ 'ಎ ಪ್ಯಾಸೇಜ್ ಟು ಇಂಡಿಯಾ'ಗಾಗಿ. ಚಿತ್ರಕ್ಕೆ ಆಧಾರವಾದ ಕಾದಂಬರಿಯ ಮರಾಬಾರ್ ಗುಹೆಗಳಿಗೆ ಮೂಲವಾದ ಬಿಹಾರದ ಬರಾಬರ್ ಗುಹೆಗಳು ಅವರ ಕಣ್ಣಿಗೆ ಸಪ್ಪೆಯಾಗಿ ಕಂಡಿದ್ದವು. ಸಾವನದುರ್ಗ, ರಾಮದೇವರ ಬೆಟ್ಟಗಳನ್ನು ಆರಿಸಿ ಬಂಡೆಯಲ್ಲಿ ಗುಹೆಯ ಬಾಯಿಗಳನ್ನು ಕೊರೆಸಿದರು. ಕಂಟೋನ್ಮೆಂಟಿಗೆ ಹತ್ತಿರದ ಬೆಂಗಳೂರು ಅರಮನೆಯಲ್ಲಿ ಬಹಳಷ್ಟು ಚಿತ್ರೀಕರಣ ನಡೆಯಿತು. ಬೆಂಗಳೂರಿನ ಪ್ರೇಕ್ಷಕರು ಪರದೆಯ ಮೇಲೆ ತಮ್ಮ ಊರನ್ನು ಗುರುತಿಸಿದರು, ಉಳಿದ ಲೋಕ ಅದನ್ನು ಬಿಹಾರವೆಂದೇ ನಂಬಿತು. ಬಂಡೆಯಲ್ಲಿ ಕೊರೆದ ಆ ಬಾಯಿಯೂ ಒಂದು ವಿಶೇಷ ಪರಿಣಾಮವೇ. ಉಳಿ ಸುತ್ತಿಗೆಯಿಂದ ಮಾಡಿದ್ದರಿಂದ ಅದರ ಮೇಲಿನ ಬೆಳಕು, ನೆರಳು, ಧೂಳು ಯಾವುದರಲ್ಲೂ ತಪ್ಪು ಹುಡುಕಲು ಜಾಗವಿರಲಿಲ್ಲ.

ದೊಡ್ಡ ಬಜೆಟ್ಟು ತಪ್ಪಿಗೆ ಮದ್ದಲ್ಲ. 2000ದ 'ಗ್ಲಾಡಿಯೇಟರ್' ಚಿತ್ರ ವಿಶುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಪಡೆಯಿತು. ರೋಮಿನ ಕೊಲೊಸಿಯಮ್ಮಿನ ಮೇಲಿನ ಅಂತಸ್ತುಗಳು ಕಂಪ್ಯೂಟರಿನಲ್ಲಿ ಎದ್ದವು. ಚಿತ್ರೀಕರಣದ ನಡುವೆ ತೀರಿಕೊಂಡ ಆಲಿವರ್ ರೀಡ್ ಅವರ ಮುಖವನ್ನು ಬೇರೊಬ್ಬರ ದೇಹಕ್ಕೆ ಕೂಡಿಸಿ ಪಾತ್ರವನ್ನು ಪೂರ್ತಿ ಮಾಡಿದರು. ಅದೇ ಚಿತ್ರದಲ್ಲಿ ರಥವೊಂದು ಮಗುಚಿದಾಗ ಹಿಂಬದಿಯ ಗ್ಯಾಸ್ ಸಿಲಿಂಡರು ಕಾಣುತ್ತದೆ. 2019ರಲ್ಲಿ 'ಗೇಮ್ ಆಫ್ ಥ್ರೋನ್ಸ್' ಸರಣಿಯ ಔತಣದ ಮೇಜಿನ ಮೇಲೆ ಕಾಫಿ ಕಪ್ಪು ಉಳಿದುಹೋಗಿತ್ತು. ಪ್ರಸಾರವಾದ ಎರಡೇ ದಿನಕ್ಕೆ ಅದನ್ನು ಅಳಿಸಿ ಹೊಸ ಪ್ರತಿ ಏರಿಸಿದರು.

ವಿಶೇಷ ಪರಿಣಾಮದ ಹುಟ್ಟೂ ಒಂದು ತಪ್ಪಿನಿಂದಲೇ ಆಯಿತೆಂಬ ಪ್ರಸಿದ್ಧ ಕಥೆಯೊಂದಿದೆ. ಪ್ಯಾರಿಸ್ಸಿನ ಬೀದಿಯಲ್ಲಿ ಜಾರ್ಜ್ ಮೆಲಿಯೆಸ್ ಚಿತ್ರ ತೆಗೆಯುತ್ತಿದ್ದಾಗ ಕ್ಯಾಮೆರಾ ಸಿಕ್ಕಿಕೊಂಡಿತು. ಸರಿಮಾಡಿ ಮತ್ತೆ ತಿರುಗಿಸುವ ಹೊತ್ತಿಗೆ ಎದುರಿಗಿದ್ದ ಸಾರೋಟು ಮುಂದೆ ಹೋಗಿ ಹೆಣದ ಗಾಡಿ ಬಂದಿತ್ತು. ರೀಲು ಓಡಿಸಿ ನೋಡಿದರೆ ಸಾರೋಟೇ ಹೆಣದ ಗಾಡಿಯಾಗಿ ಬದಲಾಗಿತ್ತು ಎಂದು ಮೆಲಿಯೆಸ್ ಅವರೇ ಹೇಳಿಕೊಂಡಿದ್ದರು. ಮೂಲದಲ್ಲಿ ಜಾದೂಗಾರರಾಗಿದ್ದ ಅವರು ಆ ಆಕಸ್ಮಿಕವನ್ನು ಬೇಕೆಂದೇ ಮಾಡತೊಡಗಿದರು. ನಮ್ಮ ಪೌರಾಣಿಕ ಚಿತ್ರಗಳಲ್ಲಿ ದೇವರು ಪ್ರತ್ಯಕ್ಷರಾಗುವುದು, ಮಾಯವಾಗುವುದು ಎಲ್ಲ ಆ ಸಿಕ್ಕಿಕೊಂಡ ಕ್ಯಾಮೆರಾದ ಮೊಮ್ಮಕ್ಕಳೇ.

ಕನ್ನಡದ ಪ್ರೇಕ್ಷಕರಿಗೆ ಈ ಜಾದೂ ಹೆಚ್ಚು ಆಪ್ತವಾದದ್ದು 'ಡಬಲ್ ಆ್ಯಕ್ಟಿಂಗ್' ಮೂಲಕ. 1977ರಲ್ಲಿ ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ 'ಬಭ್ರುವಾಹನ'ದಲ್ಲಿ ರಾಜಕುಮಾರ್ ಅರ್ಜುನನೂ ಹೌದು, ಬಭ್ರುವಾಹನನೂ ಹೌದು. ಇಂಥ ದೃಶ್ಯಗಳಿಗೆ ಆ ಕಾಲದಲ್ಲಿ ಬಳಕೆಯಲ್ಲಿದ್ದದ್ದು ಮಾಸ್ಕ್ ವಿಧಾನ. ಕ್ಯಾಮೆರಾವನ್ನು ಅಲುಗದಂತೆ ಬಿಗಿದು, ಲೆನ್ಸಿನ ಅರ್ಧವನ್ನು ಕಪ್ಪು ತಗಡಿನಿಂದ ಮುಚ್ಚಿ, ನಟ ಎಡಗಡೆ ನಿಂತು ಒಂದು ಪಾತ್ರದ ಮಾತು ಹೇಳಬೇಕು. ಆಮೇಲೆ ಅದೇ ಫಿಲ್ಮನ್ನು ಮೊದಲಿನ ಚೌಕಟ್ಟಿಗೆ ಸರಿಯಾಗಿ ಹಿಂದಕ್ಕೆ ಸುತ್ತಬೇಕು. ಈಗ ಇನ್ನರ್ಧ ಮುಚ್ಚಿ, ವೇಷ ಬದಲಿಸಿ ಬಂದ ಅದೇ ನಟ ಬಲಗಡೆ ನಿಂತು, ಎದುರಿಗೆ ಯಾರೂ ಇಲ್ಲದಿದ್ದರೂ ತಾನೇ ಆಡಿದ್ದ ಮಾತಿಗೆ ಹೊತ್ತು ನೋಡಿಕೊಂಡು ಉತ್ತರ ಕೊಡಬೇಕು. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ, ಕೈಯೊಂದು ನಡುಗೆರೆ ದಾಟಿದರೂ, ಮೋಡ ಕವಿದು ಬೆಳಕು ಬದಲಾದರೂ ಎರಡೂ ಭಾಗ ಹಾಳು. ಸರಿಯಾಯಿತೋ ಇಲ್ಲವೋ ಗೊತ್ತಾಗುವುದು ಲ್ಯಾಬಿನಿಂದ ಫಿಲ್ಮ್ ತೊಳೆದು ಬಂದ ಮೇಲೆ. ಆಮೇಲೆ ಸರಿಮಾಡಿಕೊಳ್ಳೋಣ ಎಂಬ ಮಾತಿಗೆ ಅಲ್ಲಿ ಎಡೆಯೇ ಇರಲಿಲ್ಲವಾದ್ದರಿಂದ ಎಲ್ಲವನ್ನೂ ಮೊದಲೇ ಅಳೆದು, ಗೆರೆ ಹಾಕಿ, ಅಭ್ಯಾಸ ಮಾಡಿ ನಿಲ್ಲುತ್ತಿದ್ದರು.

1957ರ 'ಮಾಯಾಬಜಾರ್'ನಲ್ಲಿ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆ ಘಟೋತ್ಕಚನ ಊಟವನ್ನು ಪರದೆಯ ಮೇಲೆ ನಿಜಮಾಡಿದ್ದು ಇದೇ ಶಿಸ್ತಿನಿಂದ. ತೆಲುಗು, ತಮಿಳಿನ ಆ ಚಿತ್ರ ಕನ್ನಡಕ್ಕೂ ಡಬ್ ಆಗಿ ಬಂತು. ಶಂಕರ್‌ನಾಗ್ 1987ರ 'ಒಂದು ಮುತ್ತಿನ ಕಥೆ'ಯಲ್ಲಿ ರಾಜಕುಮಾರ್ ಅವರನ್ನು ಮುತ್ತು ಹೆಕ್ಕುವವನನ್ನಾಗಿಸಿ ಕ್ಯಾಮೆರಾವನ್ನು ಸಮುದ್ರದಾಳಕ್ಕೆ ಇಳಿಸಿದರು. ಇವತ್ತಿನ ಕಣ್ಣಿಗೆ ಅಲ್ಲಿನ ಕೆಲವು ಸಂಗತಿಗಳು ಒರಟಾಗಿ ಕಾಣಬಹುದು. ಆದರೆ ನೀರು ನಿಜ, ನಟರ ಉಸಿರು ನಿಜ.

ಡಿಜಿಟಲ್ ಕಾಲ ಬಂದ ಮೇಲೆ ಬಾಗಿಲುಗಳು ತೆರೆದವು. ತೆಲುಗಿನ 2012ರ 'ಈಗ' ಚಿತ್ರದಲ್ಲಿ ಸುದೀಪ್ ಎದುರಾಳಿಯೇ ಇಲ್ಲದೆ ಅಭಿನಯಿಸಿದರು. ಎದುರಾಳಿಯಾದ ನೊಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ಕೂರಿಸಿದರು. ನೊಣ ಎಲ್ಲಿದೆ ಎಂದು ಅವರ ಕಣ್ಣು, ಕತ್ತು, ಮೂಗಿನ ತುದಿ ಹೇಳುತ್ತಿದ್ದುದರಿಂದಲೇ ಆ ಪರಿಣಾಮ ನಂಬುವಂತಾಯಿತು. ಆ ಚಿತ್ರ ವಿಶೇಷ ಪರಿಣಾಮಗಳಿಗೆ ರಾಷ್ಟ್ರಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಅದೇ ಗೌರವ ತಂದದ್ದು 2018ರ 'ಕೆಜಿಎಫ್'. ಬೆಂಗಳೂರಿನ ಯೂನಿಫೈ ಮೀಡಿಯಾ ಸಂಸ್ಥೆಯ ಕೆಲಸಕ್ಕೆ 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ 'ಆವ್' ತೆಲುಗು ಚಿತ್ರದ ಜೊತೆ ಬಹುಮಾನ ಹಂಚಿಕೆಯಾಯಿತು. ಕೆ.ಆರ್. ಪುರದ ರೈಲು ನಿಲ್ದಾಣದಲ್ಲಿ ಬೆಳಿಗ್ಗೆ ಇಳಿಯುವವರಲ್ಲಿ ಬಹಳ ಮಂದಿ 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ದುಡಿಮೆಗಾಗಿ ನಿತ್ಯ ಓಡಾಡುವ ಕೆಜಿಎಫ್‌ನವರು. ಅವರಿಗೆ ಆ ಚಿತ್ರದ ನರಾಚಿ ಗಣಿ ಕಟ್ಟುಕಥೆ ಎಂದು ಗೊತ್ತು. ಚಿತ್ರದಲ್ಲಿ ಕಾಣುವ ಗಣಿ ತ್ಯಾಜ್ಯದ ಸೈನೈಡ್ ಗುಡ್ಡದ ಬೂದು ಬಣ್ಣ ಮಾತ್ರ ಅವರ ಊರಿನದ್ದೇ. ನಿಜವಾದ ಮಣ್ಣಿನ ಮೇಲೆ ಚಿತ್ರೀಕರಿಸಿ, ಅದನ್ನು ಗ್ರಾಫಿಕ್ಸ್‌ನಿಂದ ಹಿಗ್ಗಿಸಿದ್ದರಿಂದ ಧೂಳು ಎಲ್ಲಿ ಮುಗಿದು ಕಂಪ್ಯೂಟರು ಎಲ್ಲಿ ಶುರುವಾಗುತ್ತದೆಂದು ಹೇಳುವುದು ಕಷ್ಟ.

ಸೋತ ಉದಾಹರಣೆಗಳೂ ಅಷ್ಟೇ ಪಾಠ ಹೇಳುತ್ತವೆ. 2017ರ 'ಜಸ್ಟಿಸ್ ಲೀಗ್'ನ ಮರುಚಿತ್ರೀಕರಣದ ವೇಳೆ ಹೆನ್ರಿ ಕ್ಯಾವಿಲ್ ಇನ್ನೊಂದು ಚಿತ್ರಕ್ಕಾಗಿ ಮೀಸೆ ಬಿಟ್ಟಿದ್ದರು. ಅದನ್ನು ಕಂಪ್ಯೂಟರಿನಲ್ಲಿ ಬೋಳಿಸಿದಾಗ ಸೂಪರ್‌ಮ್ಯಾನ್‌ನ ಮೇಲ್ತುಟಿ ಯಾರದ್ದೋ ಎಂಬಂತಾಯಿತು. 2019ರ 'ಕ್ಯಾಟ್ಸ್' ಚಿತ್ರಕ್ಕೆ ಬಿಡುಗಡೆಯಾದ ಮೇಲೆ ತಿದ್ದಿದ ಪ್ರತಿಯನ್ನು ಥಿಯೇಟರುಗಳಿಗೆ ಕಳಿಸಬೇಕಾಯಿತು. 'ಆದಿಪುರುಷ್' ಟೀಸರು 2022ರ ಅಕ್ಟೋಬರಿನಲ್ಲಿ ಟೀಕೆಗೆ ಗುರಿಯಾಗಿ, ಬಿಡುಗಡೆ 2023ರ ಜನವರಿಯಿಂದ ಜೂನ್‌ಗೆ ಹೋಯಿತು. ಆದರೂ ನೋಡಿದವರ ಮುನಿಸು ಇಳಿಯಲಿಲ್ಲ. ಇಂಥ ಕಡೆ ಕಣ್ಣಿಗೆ ಚುಚ್ಚುವುದು ಸಾಮಾನ್ಯವಾಗಿ ಮೂರು ಸಂಗತಿ. ನಟನ ಮೇಲಿನ ಬೆಳಕು ಒಂದು ದಿಕ್ಕಿನಿಂದ ಬಂದರೆ ಹಿಂದಿನ ಆಕಾಶದ ಬೆಳಕು ಇನ್ನೊಂದು ದಿಕ್ಕಿನಿಂದ ಬರುತ್ತದೆ. ಪ್ರಾಣಿಯೋ ಬಂಡೆಯೋ ನೆಲಕ್ಕೆ ಬಿದ್ದರೂ ನೆಲಕ್ಕೆ ಅದರ ಭಾರ ಗೊತ್ತಾಗುವುದಿಲ್ಲ. ನಟ ನೋಡುವ ಜಾಗವೇ ಬೇರೆ, ಗ್ರಾಫಿಕ್ಸ್ ನಿಂತಿರುವ ಜಾಗವೇ ಬೇರೆ. ಮೊದಲನೆಯದೂ ಮೂರನೆಯದೂ ಶೂಟಿಂಗಿನಲ್ಲಿ ಆಗುವ ತಪ್ಪು. ಬೈಗುಳ ಮಾತ್ರ ಗ್ರಾಫಿಕ್ಸ್ ಮಾಡಿದವರ ಪಾಲಿಗೆ.

ಸೆಟ್ಟುಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತೊಂದಿದೆ: "ಬಿಡಿ, ಸಿಜೀಲಿ ತೆಗೆದ್ರಾಯ್ತು." ಸಿಜಿ ಎಂದರೆ ಕಂಪ್ಯೂಟರ್ ಗ್ರಾಫಿಕ್ಸ್; ಅದರಲ್ಲಿ ತೆಗೆಯುವುದೆಂದರೆ ಏನೆಂದು ಹತ್ತಿರದಿಂದ ನೋಡಬೇಕು. ಹೊಡೆದಾಟದಲ್ಲಿ ನಟ ಗಾಳಿಗೆ ಹಾರುತ್ತಾನೆ, ಬೆನ್ನಿಗೆ ಕಟ್ಟಿದ ರೋಪು ಕಾಣುತ್ತದೆ. ಶಾಟ್ ಐದು ಸೆಕೆಂಡಿನದು. ಸೆಕೆಂಡಿಗೆ 24ರಂತೆ ಒಟ್ಟು 120 ಚೌಕಟ್ಟು. ಪ್ರತಿಯೊಂದರಲ್ಲೂ ರೋಪಿನ ಗೆರೆಯನ್ನು ಗುರುತಿಸಿ, ಅದು ಮರೆಮಾಡಿದ್ದ ಗೋಡೆಯನ್ನೋ ಎಲೆಗಳನ್ನೋ ಮತ್ತೆ ತುಂಬಬೇಕು. ರೋಪು ನಟನ ಕೂದಲ ಮೇಲೆ ಹಾದುಹೋದರೆ ಕೂದಲಿನ ಅಂಚನ್ನು ಎಳೆಎಳೆಯಾಗಿ ಬಿಡಿಸಬೇಕು. ಇದನ್ನು ರೋಟೊ, ಪೇಂಟ್ ಎನ್ನುತ್ತಾರೆ. ಚಿತ್ರೀಕರಣದ ದಿನ ನಟನಿಲ್ಲದ ಖಾಲಿ ಜಾಗವನ್ನೂ ಅದೇ ಕೋನದಿಂದ ಒಮ್ಮೆ ತೆಗೆದಿಟ್ಟಿದ್ದರೆ ಈ ಕೆಲಸ ಎಷ್ಟೋ ಹಗುರ. ಅದಕ್ಕೆ ಬೇಕಾದದ್ದು ಒಂದೆರಡು ನಿಮಿಷ. ಆ ನಿಮಿಷ ಉಳಿಸಿದ್ದಕ್ಕೆ ಇನ್ನೊಬ್ಬರ ಹಲವು ರಾತ್ರಿಗಳು ಹೋಗುತ್ತವೆ.

ತಂತ್ರಜ್ಞಾನ ಈಗ ಸಾವಿನ ಗೆರೆಯನ್ನೂ ಮುಟ್ಟಿದೆ. 2009ರಲ್ಲಿ ಅಗಲಿದ ವಿಷ್ಣುವರ್ಧನ್ ಅವರನ್ನು ಕೋಡಿ ರಾಮಕೃಷ್ಣ 2016ರ 'ನಾಗರಹಾವು' ಚಿತ್ರದಲ್ಲಿ ಗ್ರಾಫಿಕ್ಸ್ ಮೂಲಕ ತೆರೆಗೆ ತಂದರು. ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು ಹೋದಾಗ 'ಜೇಮ್ಸ್' ಡಬ್ಬಿಂಗ್ ಬಾಕಿಯಿತ್ತು. 2022ರ ಮಾರ್ಚಿನಲ್ಲಿ ಬಿಡುಗಡೆಯಾದಾಗ ಅದಕ್ಕೆ ಅಣ್ಣ ಶಿವರಾಜಕುಮಾರ್ ದನಿ ಕೊಟ್ಟಿದ್ದರು. ಮುಂದೆ ಪುನೀತ್ ಅವರದೇ ದನಿಯನ್ನು ತಂತ್ರಜ್ಞಾನದಿಂದ ಹೊಂದಿಸಿದ ಪ್ರತಿಯೂ ಬಂತು. ತಮ್ಮನ ತುಟಿಗೆ ಅಣ್ಣನ ದನಿ ಕೂಡಿದ್ದನ್ನು ಯಾರೂ ತಪ್ಪೆಂದು ಎಣಿಸಲಿಲ್ಲ. ಅಲ್ಲಿ ಹೊಂದಾಣಿಕೆಗಿಂತ ಪ್ರೀತಿ ದೊಡ್ಡದಾಗಿತ್ತು.

ಪರದೆಯ ಮೇಲಿನ ತಪ್ಪು ಹೆಚ್ಚೆಂದರೆ ನಗೆಗೆ ಗುರಿಯಾಗುತ್ತದೆ. ಕ್ಯಾಮೆರಾದ ಹಿಂದಿನ ತಪ್ಪು ಜೀವ ತೆಗೆಯುತ್ತದೆ. 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣದ ವೇಳೆ ಎದ್ದ ಬೆಂಕಿಗೆ 62 ಜನ ಬಲಿಯಾದರು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ'ಯ ಕ್ಲೈಮ್ಯಾಕ್ಸ್‌ಗಾಗಿ ಹೆಲಿಕಾಪ್ಟರಿನಿಂದ ಧುಮುಕಿದ ನಟರಾದ ಅನಿಲ್ ಮತ್ತು ಉದಯ್ ಮೈಮೇಲೆ ಲೈಫ್ ಜಾಕೆಟ್ ಇಲ್ಲದೆ ಮುಳುಗಿ ಸತ್ತರು. 2021ರ ಆಗಸ್ಟಿನಲ್ಲಿ ಬಿಡದಿ ಬಳಿಯ ಜೋಗರದೊಡ್ಡಿಯಲ್ಲಿ ಸಾಹಸ ದೃಶ್ಯದ ವೇಳೆ ವಿದ್ಯುತ್ ಹರಿದು ಸಹಾಯಕ ಸಾಹಸ ಕಲಾವಿದರೊಬ್ಬರು ತೀರಿಕೊಂಡರು. ಹೆಲಿಕಾಪ್ಟರಿನಿಂದ ನೀರಿಗೆ ಬೀಳುವುದನ್ನು ಹಸಿರು ಪರದೆಯ ಮುಂದೆ, ಆಳವಿಲ್ಲದ ಕೊಳದ ಮೇಲೆ ತೆಗೆದು ಕೂಡಿಸುವ ವಿದ್ಯೆ 2016ರಲ್ಲಿ ಇದೇ ಊರಿನಲ್ಲಿತ್ತು. ಅದನ್ನು ಬಳಸದಿದ್ದದ್ದು ಕನ್ನಡ ಸಿನಿಮಾ ಮಾಡಿದ ಅತಿ ದೊಡ್ಡ ತಪ್ಪುಗಳಲ್ಲಿ ಒಂದು.

ಪ್ರಾಣಿಗಳ ವಿಷಯದಲ್ಲಿ ಈ ಬುದ್ಧಿ ಕಾನೂನಿನಿಂದ ಬಂತು. 2001ರ ನಿಯಮಗಳ ಬಳಿಕ ಚಿತ್ರಗಳಲ್ಲಿ ಪ್ರಾಣಿಗಳನ್ನು ಬಳಸಲು ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಬೇಕು. 1973ರ 'ಗಂಧದ ಗುಡಿ'ಯಲ್ಲಿ ನಿಜವಾದ ಆನೆಗಳು ಬಂದಂತೆ ಈಗ ಸುಲಭಕ್ಕೆ ಬರಲಾರವು. ಆ ಜಾಗಕ್ಕೆ ಕಂಪ್ಯೂಟರಿನ ಆನೆ, ಹಾವು, ಹೋರಿಗಳು ಬಂದಿವೆ, ಇವು ಗ್ರಾಫಿಕ್ಸ್ ಎಂಬ ಬರಹದ ಜೊತೆಗೆ. ಪ್ರಾಣಿಗೆ ಕೊಟ್ಟ ಈ ಕಾವಲು ಸಾಹಸ ಕಲಾವಿದನಿಗೂ ಸಿಗಬೇಕು.

ಇಷ್ಟೆಲ್ಲ ಕೆಲಸ ಬಲ್ಲವರು ಬೆಂಗಳೂರಿನ ಪೂರ್ವದಲ್ಲೇ ಇದ್ದಾರೆ. ಅನಿಮೇಷನ್, ವಿಶುವಲ್ ಎಫೆಕ್ಟ್ಸ್‌ಗೆಂದೇ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ತಂದದ್ದು ಕರ್ನಾಟಕ, 2012ರಲ್ಲಿ. ಕೆ.ಆರ್. ಪುರದ ಪಕ್ಕದ ಮಹದೇವಪುರದಲ್ಲಿ 2021ರಲ್ಲಿ ಇದಕ್ಕಾಗಿ ಉತ್ಕೃಷ್ಟತಾ ಕೇಂದ್ರ ತೆರೆಯಿತು. ಟೆಕ್ನಿಕಲರ್ ಬಳಗದ ಎಂಪಿಸಿ ಸ್ಟುಡಿಯೊದ ಬೆಂಗಳೂರು ತಂಡ ಆಸ್ಕರ್ ಗೆದ್ದ 2016ರ 'ದ ಜಂಗಲ್ ಬುಕ್'ಗೆ ದುಡಿದಿತ್ತು. 'ಗ್ಲಾಡಿಯೇಟರ್'ನಲ್ಲಿ ಆಲಿವರ್ ರೀಡ್ ಅವರ ಮುಖ ಕೂಡಿಸಿದ್ದ ಲಂಡನ್ನಿನ ಮಿಲ್ ಸಂಸ್ಥೆ ಮುಂದೆ ಅದೇ ಬಳಗ ಸೇರಿ ಬೆಂಗಳೂರಿನಲ್ಲೂ ಸ್ಟುಡಿಯೊ ನಡೆಸಿತು. 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಕುಸಿದುಬಿತ್ತು. ಬೆಂಗಳೂರು, ಮುಂಬೈ ಸೇರಿ ಸುಮಾರು 3,000 ಮಂದಿಯ ಕೆಲಸ ಹೋಯಿತು. ಲೋಕದ ದೊಡ್ಡ ಚಿತ್ರಗಳ ತಪ್ಪು ಅಳಿಸಿದ ಕೈಗಳು ಒಂದೇ ವಾರದಲ್ಲಿ ಖಾಲಿಯಾದವು.

ಈಗ ಕೃತಕ ಬುದ್ಧಿಮತ್ತೆ ಬಂದಿದೆ. 2025ರಲ್ಲಿ ಕನ್ನಡದ 'ಲವ್ ಯು' ಚಿತ್ರ ಕ್ಯಾಮೆರಾ ಇಲ್ಲದೆ, ನಟರಿಲ್ಲದೆ ಕೃತಕ ಬುದ್ಧಿಮತ್ತೆಯಿಂದಲೇ ತಯಾರಾಗಿ ಸೆನ್ಸಾರ್ ದಾಟಿತು. ಇಂಥ ಉಪಕರಣಗಳ ದೊಡ್ಡ ತೊಡಕು ಹಳೆಯದೇ, ಕಂಟಿನ್ಯೂಟಿ. ಒಂದು ಶಾಟಿನ ಮುಖ ಮುಂದಿನ ಶಾಟಿನಲ್ಲಿ ಕೊಂಚ ಬೇರೆಯಾಗುತ್ತದೆ, ಬೆರಳು, ಒಡವೆ, ಅಂಗಿಯ ಗುಂಡಿ ಬದಲಾಗುತ್ತವೆ. ಅದನ್ನು ಹಿಡಿಯಲು ಮತ್ತೆ ಮನುಷ್ಯನ ಕಣ್ಣೇ ಬೇಕು.

ಕನ್ನಡ ಚಿತ್ರತಂಡಗಳು ಮಾಡಬಹುದಾದ ಕೆಲಸಗಳು ಕಷ್ಟದವಲ್ಲ. ಗ್ರಾಫಿಕ್ಸ್ ಮೇಲ್ವಿಚಾರಕರನ್ನು ಕಥೆಯ ಚರ್ಚೆಗೇ ಕರೆಯಬೇಕು, ಚಿತ್ರೀಕರಣದ ದಿನವೂ ಅವರು ಕ್ಯಾಮೆರಾದ ಪಕ್ಕದಲ್ಲಿರಬೇಕು. ಬಿಡುಗಡೆಯ ದಿನಾಂಕ ಘೋಷಿಸುವ ಮೊದಲು ಅವರಿಗೆ ಎಷ್ಟು ವಾರ ಬೇಕೆಂದು ಕೇಳಬೇಕು. ಕಂಟಿನ್ಯೂಟಿ ನೋಡುವ ಸಹಾಯಕನ ಮಾತಿಗೆ ಶಾಟ್ ನಿಲ್ಲಬೇಕು. ಎತ್ತರ, ನೀರು, ಬೆಂಕಿ ಇರುವ ಕಡೆ ಜೀವ ಪಣಕ್ಕಿಡುವ ಬದಲು ಗ್ರಾಫಿಕ್ಸಿಗೆ ಹಣ ಇಡಬೇಕು. 1980ರ ಕಥೆಯ ಕಾರಿನ ಮೇಲೆ ಕೆಎ-53 ಉಳಿದುಹೋದರೆ ರಾತ್ರಿ ಎರಡು ಗಂಟೆಗೆ ಅದನ್ನು ಗುರುತಿಸಿ, ಅಳಿಸಿ, ಸಿಎ ಎಂದು ಬರೆದು, ಅದರ ಮೇಲೆ ಕೊಂಚ ತುಕ್ಕು ಹಿಡಿಸುವ ಹುಡುಗಿಯೋ ಹುಡುಗನೋ ಕೆ.ಆರ್. ಪುರದ ಆಸುಪಾಸಿನಲ್ಲೇ ಇರುತ್ತಾರೆ. ಕೆಲಸ ಮುಗಿಸಿ ಅವರು ಹತ್ತುವ ಸ್ಕೂಟರಿನ ಪ್ಲೇಟೂ ಕೆಎ-53ರದ್ದೇ. ಆ ಕಾರು ಕ್ಯಾಮೆರಾದ ಮುಂದೆ ಬಂದ ಬೆಳಿಗ್ಗೆಯೇ ಅವರನ್ನು ಸೆಟ್ಟಿಗೆ ಕರೆದಿದ್ದರೆ ಒಂದು ಸ್ಕ್ರೂಡ್ರೈವರ್ ಸಾಕಿತ್ತು.